ಸ್ಪೀಕರ್ ಇಲ್ಲದೆ ಓಡಿದ ವಾಲ್ವ್ ಆಂಪ್: ಏನು ಸುಟ್ಟಿರಬಹುದು?

ನಿಮ್ಮದು ಎರಡು ಇಎಲ್34 (ಪವರ್ ವಾಲ್ವ್) ಇರುವ 50 ವ್ಯಾಟ್ ಆಂಪ್. ಸ್ಪೀಕರ್ ಕೇಬಲ್ ತಪ್ಪಿ ಲೈನ್ ಔಟ್‌ಗೆ ಹೋಗಿತ್ತು, ಸದ್ದಿಲ್ಲವೆಂದು ವಾಲ್ಯೂಮ್ ಏರಿಸಿದಾಗ ಎಚ್‌ಟಿ (ವಾಲ್ವ್‌ಗಳ ಹೈ ವೋಲ್ಟೇಜ್) ಫ್ಯೂಸ್ ಹೋಯಿತು ಅಂದಿದ್ದೀರಿ. ದೊಡ್ಡ ಫ್ಯೂಸ್ ಹಾಕಿ ನೋಡಬೇಡಿ ದಯವಿಟ್ಟು.

ಲೋಡ್ (ಸ್ಪೀಕರ್) ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ವಾಲ್ವ್ ಕಡೆಯ ವೈಂಡಿಂಗ್) ವೋಲ್ಟೇಜ್ ಸಾವಿರ ದಾಟಿ, ಸಾಕೆಟ್ಟಿನ 3ನೇ ಪಿನ್‌ನಿಂದ (ಪ್ಲೇಟ್) ಪಕ್ಕದ 2ನೇ ಪಿನ್‌ಗೆ (ಹೀಟರ್) ಕಿಡಿ ಹಾರುತ್ತದೆ.

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರಿನಿಂದ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಈ ಹಂತ ಗೊತ್ತಿಲ್ಲದಿದ್ದರೆ ತಿಳಿದವರ ಕೈಗೇ ಕೊಡಿ.

ವಾಲ್ವ್ ತೆಗೆದು ಟಾರ್ಚ್ ಹಿಡಿದು ನೋಡಿ. ಆ ಎರಡು ಪಿನ್‌ಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಸಾಕೆಟ್ ಬದಲಿಸಿ. ಎಷ್ಟು ಉಜ್ಜಿದರೂ ಕಾರ್ಬನ್ ಉಳಿದು ಮತ್ತೆ ಕಿಡಿ ಹಾರುತ್ತದೆ. 4ನೇ ಪಿನ್‌ಗೆ (ಸ್ಕ್ರೀನ್ ಗ್ರಿಡ್) ಜೋಡಿಸಿದ ರೆಸಿಸ್ಟರ್‌ಗಳನ್ನೂ ಅಳೆಯಿರಿ.

ಮುಂದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಪ್ರೈಮರಿಯ ಸೆಂಟರ್ ಟ್ಯಾಪ್‌ನಿಂದ (ನಡುವಿನ ತಂತಿ) ಎರಡೂ ಪ್ಲೇಟಿಗೆ ಕೆಲವು ಹತ್ತು ಓಮ್ ಬರಬೇಕು. ಅಲ್ಪಸ್ವಲ್ಪ ವ್ಯತ್ಯಾಸ ಸಹಜ. ಆದರೆ ಒಳಗಿನ ಸುತ್ತುಗಳು ಶಾರ್ಟ್ ಆಗಿದ್ದರೆ ಓಮ್‌ಮೀಟರಿಗೆ ತಿಳಿಯುವುದಿಲ್ಲ. ಆಂಪ್ ಪ್ಲಗ್ ಕಿತ್ತೇ ಇರಲಿ, ವಾಲ್ವ್ ಹೊರಗಿರಲಿ. ಬೇರೊಂದು ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಎರಡು ಪ್ಲೇಟ್‌ಗಳ ನಡುವೆ 6 ವೋಲ್ಟ್ ಎಸಿ ಕೊಡಿ. ಪ್ರೈಮರಿಯ ಇಂಪಿಡೆನ್ಸ್ (ಮೀಟರಿನಲ್ಲಿ ಅಳೆದ ಓಮ್ ಅಲ್ಲ, ಎಸಿಗೆ ಒಡ್ಡುವ ತಡೆ) 3.4 ಕಿಲೋಓಮ್ ಆದರೆ ಸ್ಪೀಕರ್ ಕಡೆಯ 8 ಓಮ್ ಟ್ಯಾಪಿನಲ್ಲಿ ಸುಮಾರು 0.29 ವೋಲ್ಟ್ ಬರುತ್ತದೆ. ಪುಟ್ಟ ಟ್ರಾನ್ಸ್‌ಫಾರ್ಮರೇ ಬಿಸಿಯಾಗಿ ವೋಲ್ಟೇಜ್ ಕುಸಿದರೆ ವೈಂಡಿಂಗ್ ಹೋಗಿದೆ.

ಇದೆಲ್ಲ ಸರಿಯಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೋಲ್ಡರ್, 100 ವ್ಯಾಟಿನ ಫಿಲಮೆಂಟ್ ಬಲ್ಬ್ ತಂದು (ಎಲ್‌ಇಡಿ ನಡೆಯುವುದಿಲ್ಲ) ಮೇನ್ಸ್‌ಗೆ ಸೀರೀಸ್‌ನಲ್ಲಿ ಹಾಕಿ. ಸರಿಯಾದ ಫ್ಯೂಸ್, ಸ್ಪೀಕರ್ ಜೋಡಿಸಿ, ಪವರ್ ವಾಲ್ವ್ ಇಲ್ಲದೆ ಆನ್ ಮಾಡಿದಾಗ ಬಲ್ಬ್ ಮಿಂಚಿ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಪವರ್ ಸಪ್ಲೈಯಲ್ಲೇ ಶಾರ್ಟ್ ಹುಡುಕಿ.