ಎಂಎಸ್ (ಸ್ನಾತಕೋತ್ತರ ಪದವಿ) ಅರ್ಜಿಯ ಎಸ್‌ಒಪಿಯಲ್ಲಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಈ ಕೋರ್ಸ್ ಯಾಕೆ ಓದಬೇಕು ಅಂತ ಹೇಳುವ ಬರಹ) ಮನೆಯ ಕಷ್ಟ ಬರೆಯಬಹುದಾ?

ಬರೆಯಬಹುದು. ಆದರೆ ಎಲ್ಲಿ, ಎಷ್ಟು ಅನ್ನೋದು ಮುಖ್ಯ. ಅಮೆರಿಕದಲ್ಲಿ ಎಸ್‌ಒಪಿ ಓದುವವರು ಹೆಚ್ಚಾಗಿ ಆ ವಿಭಾಗದ ಪ್ರೊಫೆಸರ್‌ಗಳು. ಈ ಹುಡುಗ ನಮ್ಮಲ್ಲಿ ಓದಿ ದಕ್ಕಿಸಿಕೊಳ್ತಾನಾ ಅನ್ನೋದು ಅವರ ಪ್ರಶ್ನೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ 'ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್' ಅಂತ ಬೇರೆಯೇ ಬರಹ ಕೇಳುತ್ತಾರೆ. ಕಷ್ಟದ ಕಥೆಗೆ ಜಾಗ ಅದು. ಅಲ್ಲಿ ಬರೆದದ್ದನ್ನೇ ಎಸ್‌ಒಪಿಯಲ್ಲಿ ಮತ್ತೆ ತುರುಕಬೇಡಿ.

ಬೇರೆ ಜಾಗ ಇಲ್ಲದಿದ್ದರೆ? ಮಾರ್ಕ್ಸ್ ಕಾರ್ಡಿನಲ್ಲಿ ಕಣ್ಣಿಗೆ ಹೊಡೆಯುವಂಥದ್ದು ಇದ್ದರೆ ಮಾತ್ರ ಎರಡು-ಮೂರು ಸಾಲು ಸಾಕು. ನನ್ನ ತಂಗಿಯ ಮೊದಲ ಕರಡು 'ನಾನು ಬಡ ಕುಟುಂಬದಲ್ಲಿ ಹುಟ್ಟಿದೆ' ಅಂತ ಶುರುವಾಗಿ ಒಂದು ಪುಟ ಅತ್ತಿತ್ತು. ಕೊನೆಗೆ ಉಳಿದದ್ದು ಇಷ್ಟೇ: 'ನಾಲ್ಕನೇ ಸೆಮಿಸ್ಟರ್‌ನಲ್ಲಿ ಅಪ್ಪನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಎರಡು ವಿಷಯ ಉಳಿದವು. ಮುಂದಿನ ಸೆಮಿಸ್ಟರ್‌ನಲ್ಲಿ ಎರಡನ್ನೂ ಪಾಸು ಮಾಡಿದೆ.' ಏನಾಯಿತು, ಓದಿಗೆ ಏನು ಪೆಟ್ಟು ಬಿತ್ತು, ಹೇಗೆ ಎದ್ದೆ, ಮೂರೂ ಬಂತು. 'ದಯವಿಟ್ಟು ಪರಿಗಣಿಸಿ' ಅಂತ ಗೋಗರೆಯೋದು ಬೇಡ, ಅದು ಸುಮ್ನೆ ಮುಜುಗರ.

ನಿಮಗೇ ಬರೆಯೋಕೆ ಸಂಕೋಚವಾದರೆ, ವಿಷಯ ಗೊತ್ತಿರುವ ಮೇಷ್ಟ್ರಿಗೆ ಶಿಫಾರಸು ಪತ್ರದಲ್ಲಿ ಒಂದು ಮಾತು ಸೇರಿಸಲು ಕೇಳಿ. ಎಷ್ಟೋ ಸಲ ಅದಕ್ಕೇ ತೂಕ ಜಾಸ್ತಿ. ಇನ್ನು, ಮುಂದೆ ಯಾರಾದರೂ ಆ ವಿಷಯ ಎತ್ತಿದರೆ ನಿಮಗೆ ಮಾತೇ ಹೊರಡದಷ್ಟು ಹಸಿ ಗಾಯವಾಗಿದ್ದರೆ ಬಿಟ್ಟುಬಿಡಿ. ಹೇಳಲೇಬೇಕು ಅನ್ನೋ ನಿಯಮ ಇಲ್ಲ ಅಲ್ವಾ?