ಊರಲ್ಲಿರುವ ಅಮ್ಮನ ಬಿಪಿ, ಶುಗರ್‌ಗೆ ಇ-ಸಂಜೀವಿನಿ ಆಗುತ್ತಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ, ಬಿಪಿ, ಶುಗರ್ ಎರಡೂ ಇದೆ. ಊರಿಂದ ತಾಲ್ಲೂಕು ಆಸ್ಪತ್ರೆ 28 ಕಿ.ಮೀ., ಬಸ್ಸು ದಿನಕ್ಕೆ ಎರಡೇ. ಅವರ ಹತ್ತಿರ ಇರುವುದು ಬಟನ್ ಫೋನ್. ನಾನು ಬೆಂಗಳೂರಲ್ಲಿದ್ದೇನೆ. ನನ್ನ ಮೊಬೈಲಿಂದಲೇ ಇ-ಸಂಜೀವಿನಿಯಲ್ಲಿ ತೋರಿಸಿದರೆ ಆಗುತ್ತಾ? ಅಭಾ ಕಾರ್ಡ್ ಬೇಕೇ ಬೇಕಾ?

ಉತ್ತರ:

ನಿಮ್ಮ ಮೊಬೈಲಿಂದ ಬೇಡ. ಅಮ್ಮನನ್ನು ಊರಿನ ಆರೋಗ್ಯ ಉಪಕೇಂದ್ರಕ್ಕೆ ಕಳಿಸಿ, ಅಲ್ಲಿಂದ ಮಾಡಿಸಿ. ಇ-ಸಂಜೀವಿನಿ ಅಂದರೆ ದೂರದಿಂದಲೇ ವೈದ್ಯರಿಗೆ ತೋರಿಸುವ ಸರ್ಕಾರಿ ಟೆಲಿಮೆಡಿಸಿನ್ ಸೇವೆ. ಹೆಸರು ಒಂದೇ ಆದರೂ ಮೊಬೈಲಿನದು, ಉಪಕೇಂದ್ರದ್ದು ಬೇರೆ ಬೇರೆ. ನೀವು ಹೇಳುತ್ತಿರುವ ಮೊಬೈಲ್ ಒಪಿಡಿ ಶುರುವಾದದ್ದು 2020ರ ಏಪ್ರಿಲ್ 13ಕ್ಕೆ, ಲಾಕ್‌ಡೌನ್ ನಡುವೆ. ಒಟಿಪಿ ಹಾಕಬೇಕು, ಟೋಕನ್ ತೆಗೆದುಕೊಳ್ಳಬೇಕು, ಸರದಿ ಬರುವ ತನಕ ಕಾಯಬೇಕು, ಆಮೇಲೆ ವೈದ್ಯರ ಜೊತೆ ವಿಡಿಯೊ ಮಾತು. ಉಪಕೇಂದ್ರದಿಂದ ವೈದ್ಯರಿಗೆ ಕರೆ ಹೋಗುವ ರೂಪ ಅದಕ್ಕಿಂತ ಹಳೆಯದು, 2019ರ ನವೆಂಬರ್‌ನದು. ಎರಡನ್ನೂ ಕಟ್ಟಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, ಮೊಹಾಲಿಯ ಸಿ-ಡ್ಯಾಕ್. ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ಕ್ಯಾಮೆರಾದ ಮುಂದೆ ರೋಗಿ ಒಬ್ಬರೇ. ಎರಡನೆಯದರಲ್ಲಿ ಪಕ್ಕದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಇರುತ್ತಾರೆ. ಜೊತೆಗೆ ಬಿಪಿ ಮಷಿನ್, ಗ್ಲುಕೋಮೀಟರ್, ಮಾತ್ರೆಯ ಕಪಾಟು.

ಬಿಪಿ, ಶುಗರ್‌ಗೆ ಔಷಧ ಬರೆಯುವ ವೈದ್ಯರಿಗೆ ಮುಖ ನೋಡಿ ಆಗಬೇಕಾದ್ದು ಕಡಿಮೆ. ಬೇಕಾದ್ದು ಇವತ್ತಿನ ಎರಡು ನಂಬರು, ಹಳೆಯ ಚೀಟಿ, ಮತ್ತು ಬರೆದ ಮಾತ್ರೆ ಅಮ್ಮನ ಕೈಗೆ ಸೇರುತ್ತದೆ ಅನ್ನುವ ಖಾತ್ರಿ. ನೀವು ಬೆಂಗಳೂರಲ್ಲಿ ಕೂತು ಮಾತಾಡಿದರೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಮೊಬೈಲ್ ಒಪಿಡಿ ಸ್ಮಾರ್ಟ್‌ಫೋನ್, ಓದು, ನೆಟ್‌ವರ್ಕ್ ಮೂರೂ ಇದ್ದವರ ಅನುಕೂಲ. ಮೂರೂ ಇಲ್ಲದವರಿಗೆ ವೈದ್ಯರು ಸಿಗುವುದು ಉಪಕೇಂದ್ರದ ಆ ಕುರ್ಚಿಯಲ್ಲಿ.

ಹೋಗುವ ಮೊದಲು ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ. ಸಿಎಚ್‌ಒ ಆ ದಿನ ಮೀಟಿಂಗ್‌ಗೋ ಲಸಿಕೆಗೋ ಹೋಗಿದ್ದರೆ ಬಾಗಿಲು ಹಾಕಿರಬಹುದು. ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಆ ಕಡೆಯ ವೈದ್ಯರು ಸಿಗುವುದು ಕಷ್ಟ, ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ. ಕೈಯಲ್ಲಿ ಇರಬೇಕಾದ್ದು: ಹಳೆಯ ಚೀಟಿಗಳೆಲ್ಲ, ಕಳೆದ ರಕ್ತಪರೀಕ್ಷೆ ವರದಿ, ಮತ್ತು ಈಗ ನುಂಗುತ್ತಿರುವ ಮಾತ್ರೆಗಳು ಹೆಸರಿರುವ ಶೀಟ್ ಸಮೇತ. ‘ಬಿಳಿ ಗುಳಿಗೆ, ಬೆಳಗ್ಗೆ ಒಂದು’ ಅಂದರೆ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಶುಗರ್‌ನ ಮೆಟ್‌ಫಾರ್ಮಿನ್ ಬಿಳಿ, ಬಿಪಿಯ ಆಮ್ಲೋಡಿಪಿನ್ನೂ ಹೆಚ್ಚಾಗಿ ಬಿಳಿ. ಪ್ರತಿ ಸಲ ಒಬ್ಬರೇ ವೈದ್ಯರು ಸಿಗುತ್ತಾರೆ ಅಂತಲೂ ಇಲ್ಲ, ಹಾಗಾಗಿ ಅಮ್ಮನ ಚರಿತ್ರೆ ಹೇಳಬೇಕಾದ್ದು ಆ ಕಾಗದಗಳೇ.

ಇನ್ನು ಬಿಪಿ, ಶುಗರ್ ನಂಬರಿನ ವಿಷಯ. ಆ್ಯಪ್ ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ, ನಂಬರು ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪು ನಂಬರಿಗೆ ಸರಿಯಾದ ಚೀಟಿ ಬಂದುಬಿಡುತ್ತದೆ. ಎರಡು ಕಿಲೋಮೀಟರ್ ಬಿಸಿಲಲ್ಲಿ ನಡೆದು ಬಂದವರ ತೋಳಿಗೆ ಒಡನೆ ಪಟ್ಟಿ ಸುತ್ತಿದರೆ ಬಿಪಿ ಏರಿಯೇ ಇರುತ್ತದೆ. ಐದು ನಿಮಿಷ ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಸುಮ್ಮನೆ ಕೂರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ ಇಲ್ಲ, ಹೊಗೆಸೊಪ್ಪಿನ ಎಲೆಅಡಿಕೆಯೂ ಇಲ್ಲ. ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಏರುತ್ತದೆ. ಪಟ್ಟಿ ಬರಿತೋಳಿನ ಮೇಲೆ ಬರಬೇಕು. ಕುಪ್ಪಸದ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಇನ್ನೊಂದು ಬಿಗಿಪಟ್ಟಿಯಾಗುತ್ತದೆ, ಸಡಿಲ ಕುಪ್ಪಸ ಹಾಕಿಕೊಂಡು ಹೋಗಲು ಹೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ, ಸಣ್ಣ ತೋಳಿಗೆ ದೊಡ್ಡದು ಇದ್ದದ್ದನ್ನು ಮುಚ್ಚಿಡುತ್ತದೆ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಮಾತು ಬೇಡ, ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಲಿ. ಎರಡೂ ನಂಬರು ವೈದ್ಯರಿಗೆ ಹೋಗಲಿ.

ಶುಗರ್‌ದೂ ಹಾಗೇ. ಖಾಲಿ ಹೊಟ್ಟೆ ಅಂದರೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಏನೂ ಇಲ್ಲ. ‘ಒಂದು ಲೋಟ ಟೀ ಅಷ್ಟೇ’ ಕೂಡ ಇಲ್ಲ. ಬಾಳೆಹಣ್ಣು ಸುಲಿದ, ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಗ್ಲುಕೋಮೀಟರ್ ಅಳೆಯುವುದು ಬೆಲ್ಲವನ್ನು. ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಬೇಕು. ರಕ್ತ ಬರಲಿಲ್ಲ ಅಂತ ಹಿಂಡಬಾರದು. ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ, ಸ್ಟ್ರಿಪ್‌ಗಳು ತೇವ ಎಳೆದುಕೊಂಡು ಕೆಡುತ್ತವೆ.

ಆಮೇಲಿನದು ಬೇಗ ಮುಗಿಯುತ್ತದೆ. ಸಿಎಚ್‌ಒ ತಮ್ಮ ಲಾಗಿನ್‌ನಲ್ಲಿ ಅಮ್ಮನ ಹೆಸರು ತೆರೆದು, ತೊಂದರೆ ಮತ್ತು ನಂಬರುಗಳನ್ನು ತುಂಬಿ, ಹಳೆಯ ಚೀಟಿಯ ಫೋಟೊ ಸೇರಿಸಿ ಕಳಿಸುತ್ತಾರೆ. ಫೋಟೊ ನೆರಳಿಲ್ಲದೆ, ಒಂದೊಂದೇ ಹಾಳೆ ನೇರಕ್ಕೆ ಇಟ್ಟು ತೆಗೆದದ್ದಾಗಿರಲಿ. ಮಡಿಕೆ ಬಿದ್ದ ಜಾಗದಲ್ಲೇ ಮಿಲಿಗ್ರಾಂ ಬರೆದಿರುತ್ತದೆ, ಅದು ಏನು ಕರ್ಮವೋ. ವೈದ್ಯರು ವಿಡಿಯೊದಲ್ಲಿ ಮಾತಾಡಿ ಇ-ಚೀಟಿ ಬರೆಯುತ್ತಾರೆ. ಮಾತು ಮುಗಿಯುವ ಮೊದಲು ಸಿಎಚ್‌ಒ ಕಪಾಟಲ್ಲಿ ಯಾವ ಮಾತ್ರೆ ಇದೆ ಅಂತ ವೈದ್ಯರಿಗೆ ಹೇಳಲೇಬೇಕು. ಇಲ್ಲದಿದ್ದರೆ ಅಲ್ಲಿಲ್ಲದ ಮಾತ್ರೆ ಬರೆದು, ಅಮ್ಮ ಅದನ್ನು ಹುಡುಕಿಕೊಂಡು ಅದೇ 28 ಕಿಲೋಮೀಟರ್ ಹೋಗಬೇಕಾಗುತ್ತದೆ. ಅಲ್ಲಿಗೆ ಟೆಲಿಮೆಡಿಸಿನ್ ಮಾಡಿದ್ದೇ ದಂಡ. 30 ದಿನದ ಮಾತ್ರೆ ಒಟ್ಟಿಗೆ ಕೇಳಿ. ಹತ್ತು ದಿನದ್ದು ಕೊಟ್ಟರೆ ಹನ್ನೊಂದನೇ ದಿನ ಕೂಲಿ ಬಿಟ್ಟು ಯಾರೂ ಬರುವುದಿಲ್ಲ.

ಒಂದು ನಿಯಮ ತಿಳಿದಿರಲಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಈಗಿನ ಮಾತ್ರೆ ಮುಂದುವರಿಸಲು ಅಡ್ಡಿಯಿಲ್ಲ. ಅದರ ಜೊತೆ ಇನ್ನೊಂದನ್ನು ಸೇರಿಸಬೇಕಾದರೆ ಅದೇ ಕಾಯಿಲೆಗೆ ಮೊದಲು ವೈದ್ಯರಿಗೆ ಖುದ್ದಾಗಿ ತೋರಿಸಿರಬೇಕು. ಹಳೆಯ ಚೀಟಿಗೆ ನಾನು ಇಷ್ಟು ಒತ್ತು ಕೊಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಈಗ ಫೋನ್ ನಂಬರ್. ‘ಮಗನ ನಂಬರೇ ಹಾಕಿ’ ಅನ್ನುವುದು ವಾಡಿಕೆ. ಹಾಗೆ ಹಾಕಿದರೆ ಒಟಿಪಿ ಬೆಂಗಳೂರಿಗೆ ಬರುತ್ತದೆ, ನೀವು ಮೀಟಿಂಗ್‌ನಲ್ಲಿ ಇರುತ್ತೀರಿ, ಅಲ್ಲಿ ಅಮ್ಮನ ಸರದಿ ಹೋಗುತ್ತದೆ. ಬಟನ್ ಫೋನಿಗೂ ಒಟಿಪಿ ಬರುತ್ತದೆ, ಅಮ್ಮನ ನಂಬರೇ ಕೊಡಿ. ಮನೆಗೆಲ್ಲ ಒಂದೇ ನಂಬರಾದರೆ ಅತ್ತೆಯ ಕಡತಕ್ಕೆ ಸೊಸೆಯ ಬಿಪಿ ಸೇರಿಬಿಡುವುದೂ ಉಂಟು, ಹೆಸರು, ವಯಸ್ಸು ಗಟ್ಟಿಯಾಗಿ ಓದಿಸಿ ನೋಡಿ. ಹೆಂಗಸರ ಮಟ್ಟಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಬಿಳಿ ಸೆರಗು, ಮುಟ್ಟಿನ ತೊಂದರೆ ಅಂತ ತೋರಿಸಿದ ಚೀಟಿಯ ಮೆಸೇಜು ಗಂಡನದೋ ಮೈದುನನದೋ ಫೋನಿಗೆ ಹೋಗುತ್ತದೆ ಅಂತಾದರೆ ಅವರು ಬಾಯೇ ಬಿಡುವುದಿಲ್ಲ. ಕೋಣೆಯ ಬಾಗಿಲು ಹಾಕಿ, ಸ್ಪೀಕರ್ ಬಿಟ್ಟು ಇಯರ್‌ಫೋನ್‌ನಲ್ಲಿ ಮಾತಾಡಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಅಭಾ ಬೇಕೇ ಬೇಕಾ? ಇಲ್ಲ. ಅದಿಲ್ಲ ಅಂತ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಅದು 14 ಅಂಕಿಯ ಆರೋಗ್ಯ ಸಂಖ್ಯೆ. ಐದು ಲಕ್ಷದ ಆಯುಷ್ಮಾನ್ ಕಾರ್ಡೇ ಬೇರೆ, ಇದೇ ಬೇರೆ. ಇದನ್ನು ತೋರಿಸಿದರೆ ಬಿಲ್ಲು ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಬೇರೆ ಬೇರೆ ಕಡೆ ಮಾಡಿಸಿದ ವರದಿಗಳನ್ನು ಒಂದು ದಾರಕ್ಕೆ ಪೋಣಿಸುವುದಷ್ಟೇ ಇದರ ಕೆಲಸ, ಅದೂ ರೋಗಿ ಒಪ್ಪಿದರೆ ಮಾತ್ರ, ಮತ್ತು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಮಾಡಿಸುವುದಾದರೆ ಆಧಾರ್‌ಗೆ ಜೋಡಿಸಿದ ನಂಬರ್ ಈಗಲೂ ಚಾಲ್ತಿಯಲ್ಲಿದೆಯಾ ಅಂತ ಮೊದಲು ನೋಡಿ, ಹೆಚ್ಚಿನವರದು ಅಲ್ಲೇ ನಿಲ್ಲುತ್ತದೆ. ಹೊಲದ ಕೆಲಸದಲ್ಲಿ ಸವೆದ ಬೆರಳಿಗೆ ಬೆರಳಚ್ಚು ಸಾಧನವೂ ಮಣಿಯುವುದಿಲ್ಲ.

ಬೆಂಗಳೂರಿಂದ ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಉಪಕೇಂದ್ರದಿಂದ ಬಂದ ದಿನ ಸಂಜೆ ಫೋನ್ ಮಾಡಿ ‘ಮಾತ್ರೆ ಕೊಟ್ರಾ’ ಅಂತ ಕೇಳಬೇಡಿ, ‘ಬೆಳಗ್ಗೆ ಯಾವುದು, ರಾತ್ರಿ ಯಾವುದು, ಊಟಕ್ಕೆ ಮುಂಚೆಯಾ ಆಮೇಲಾ’ ಅಂತ ಅಮ್ಮನ ಬಾಯಲ್ಲೇ ಹೇಳಿಸಿ. ಓದು ಬಾರದಿದ್ದರೆ ಮಾರ್ಕರ್‌ನಲ್ಲಿ ಬೆಳಗಿನ ಮಾತ್ರೆ ಶೀಟಿಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡಲು ಆಶಾ ಅವರಿಗೆ ಹೇಳಿ. ಶೀಟನ್ನು ಕತ್ತರಿಯಲ್ಲಿ ತುಂಡು ಮಾಡಿ ಕೊಟ್ಟರೆ ಮಾತ್ರೆಯ ಹೆಸರು, ಅವಧಿ ಎರಡೂ ಹೋಗುತ್ತವೆ, ಅದು ಬೇಡ.

ವಿಡಿಯೊಗೆ ಸಿಗದ ಸಂಗತಿಗಳೂ ಇವೆ. ವರ್ಷಕ್ಕೊಮ್ಮೆ ಕಣ್ಣಿನ ಪಾಪೆ ದೊಡ್ಡದು ಮಾಡಿ ಒಳಪದರ ನೋಡಿಸಬೇಕು, ಮೂತ್ರಪಿಂಡದ ಪರೀಕ್ಷೆಗಳಾದ ಕ್ರಿಯೇಟಿನಿನ್, ಮೂತ್ರದ ಆಲ್ಬುಮಿನ್ ಮಾಡಿಸಬೇಕು, ಪಾದದ ಸ್ಪರ್ಶ ಪರೀಕ್ಷಿಸಬೇಕು. ಇವಕ್ಕೆ ವರ್ಷದಲ್ಲಿ ಒಂದು ದಿನ ನೀವೇ ಹೋಗಿ ಕರೆದುಕೊಂಡು ಹೋಗಿ. ಪಾದದಲ್ಲಿ ಗಾಯವಾದರೆ ಅದು ಎಷ್ಟು ಚಿಕ್ಕದಿದ್ದರೂ ಕ್ಯಾಮೆರಾಗೆ ತೋರಿಸಿ ಸುಮ್ಮನಾಗಬಾರದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಯಲ್ಲಿ ನೋಡಿಸಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಉಸಿರು ಕಟ್ಟುವುದು, ಶುಗರ್ ಹೆಚ್ಚಾಗಿ ವಾಂತಿ ಶುರುವಾಗುವುದು, ಇವಕ್ಕೆ ಉಪಕೇಂದ್ರವೂ ಬೇಡ, ಆ್ಯಪ್ಪೂ ಬೇಡ, ನೇರ 108ಕ್ಕೆ ಕರೆ ಮಾಡಿ. ಮೈ ಬೆವೆತು, ಕೈ ನಡುಗಿ, ಶುಗರ್ 70ಕ್ಕಿಂತ ಕೆಳಗಿದ್ದರೆ, ಎಚ್ಚರ ಇರುವಾಗಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಗಲೂ 108. ಈ ಎರಡು ಮಾತು ಅಮ್ಮನ ಪಕ್ಕದ ಮನೆಯವರಿಗೂ ಗೊತ್ತಿರಲಿ.