ಗ್ನೂಕ್ಯಾಶ್‌ನಲ್ಲಿ ಬ್ಯಾಂಕ್ ಲೆಕ್ಕ 1,980 ರೂಪಾಯಿ ತಾಳೆ ಆಗುತ್ತಿಲ್ಲ. ತಪ್ಪು ಹುಡುಕುವುದು ಹೇಗೆ, ಯಾರನ್ನು ಕೇಳಬೇಕು?

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಉಳಿತಾಯ ಖಾತೆಯ ಸ್ಟೇಟ್‌ಮೆಂಟನ್ನೂ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ ಕಡತ) ಮಾಡಿ ಗ್ನೂಕ್ಯಾಶ್ ಎಂಬ ಲೆಕ್ಕ ಬರೆಯುವ ತಂತ್ರಾಂಶಕ್ಕೆ ಇಂಪೋರ್ಟ್ ಮಾಡಿದ್ದೀರಿ, ಕೆಲವು ನಮೂದುಗಳನ್ನು ಕೈಯಿಂದ ಹಾಕಿದ್ದೀರಿ. ಈಗ ಗ್ನೂಕ್ಯಾಶ್‌ನಲ್ಲಿ ಬ್ಯಾಂಕ್ ಶಿಲ್ಕು ಪಾಸ್‌ಬುಕ್ಕಿಗಿಂತ 1,980 ರೂ. ಕಡಿಮೆ ತೋರಿಸುತ್ತಿದೆ. ನಿಮ್ಮ ಪ್ರಶ್ನೆ ಇಷ್ಟೇ ತಾನೆ?

ಮೊದಲು ಒಂದು ವಿನಂತಿ. ಸ್ಟೇಟ್‌ಮೆಂಟಿನ ಜೊತೆ ಲೆಕ್ಕ ತಾಳೆ ನೋಡುವ ರಿಕನ್ಸೈಲ್ ವಿಂಡೋದ ಟೂಲ್‌ಬಾರ್‌ನಲ್ಲಿ ‘ಬ್ಯಾಲೆನ್ಸ್’ ಅನ್ನುವ ಬಟನ್ ಇದೆ, ದಯವಿಟ್ಟು ಅದನ್ನು ಒತ್ತಬೇಡಿ. ಅದು ವ್ಯತ್ಯಾಸದಷ್ಟೇ ಮೊತ್ತದ ನಮೂದೊಂದನ್ನು ಸೇರಿಸಿ ಲೆಕ್ಕ ಸರಿಹೋದಂತೆ ತೋರಿಸುತ್ತದೆ. ನಿಜವಾದ ತಪ್ಪು ಹಾಗೇ ಉಳಿಯುತ್ತದೆ, ಮುಂದಿನ ವರ್ಷ ಅದನ್ನು ಹುಡುಕುವುದು ಇನ್ನೂ ಕಷ್ಟ. ಫೈಲ್ ಮೆನುವಿನ ‘ಸೇವ್ ಆ್ಯಸ್’ನಿಂದ ಒಂದು ನಕಲು ಮಾಡಿ, ಪರೀಕ್ಷೆಯನ್ನೆಲ್ಲ ಆ ನಕಲಿನಲ್ಲೇ ಮಾಡಿ.

ಈಗ ವ್ಯತ್ಯಾಸ ಯಾವ ದಿಕ್ಕಿನಲ್ಲಿದೆ ಎಂದು ನೋಡೋಣ. ಗ್ನೂಕ್ಯಾಶ್ ಕಡಿಮೆ ತೋರಿಸುತ್ತಿದೆ ಎಂದರೆ ಮುಖ್ಯವಾಗಿ ಮೂರು ಸಾಧ್ಯತೆ: 1,980ರ ಜಮೆಯೊಂದು ಬಿಟ್ಟುಹೋಗಿದೆ, 1,980ರ ಪಾವತಿ ಎರಡು ಸಲ ಬಂದಿದೆ, ಇಲ್ಲವೇ ಅದರ ಅರ್ಧ, ಅಂದರೆ 990ರ ಜಮೆಯೊಂದು ಪಾವತಿಯ ಕಾಲಂಗೆ ಬಿದ್ದಿದೆ. ಖಾತೆಗಳ ಟ್ಯಾಬ್‌ನಲ್ಲಿ ಇದ್ದುಕೊಂಡು ಕಂಟ್ರೋಲ್ ಎಫ್ ಒತ್ತಿ, ‘ವ್ಯಾಲ್ಯೂ’ ಆರಿಸಿ, ಮೊದಲು 1,980, ಆಮೇಲೆ 990 ಹುಡುಕಿ. ಉಳಿತಾಯ ಖಾತೆಯ ಬಡ್ಡಿ ಮೂರು ತಿಂಗಳಿಗೊಮ್ಮೆ ಜಮೆ ಆಗುವುದರಿಂದ, ಕೈಯಿಂದ ನಮೂದಿಸುವಾಗ ಅದು ತಪ್ಪು ಕಾಲಂಗೆ ಹೋಗುವುದು ಬಹಳ ಸಾಮಾನ್ಯ. ಕೈಯಿಂದ ಹಾಕಿದ ನಮೂದುಗಳಲ್ಲಿ ಅಂಕಿ ಅದಲುಬದಲಾಗಿದ್ದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. 1,980 ಭಾಗವಾಗುತ್ತದೆ, 3,510 ಜಮೆಯನ್ನು 1,530 ಎಂದು ಹಾಕಿದರೂ ಇಷ್ಟೇ ವ್ಯತ್ಯಾಸ ಬರುತ್ತದೆ.

ಎರಡು ಸ್ಟೇಟ್‌ಮೆಂಟ್ ಇಂಪೋರ್ಟ್ ಮಾಡಿದ್ದೀರಿ ಎಂದಿದ್ದೀರಲ್ಲ, ನನ್ನ ಅನುಮಾನ ಕಾರ್ಡ್ ಬಿಲ್ ಪಾವತಿಯ ಮೇಲೇ. ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲಿಗೆ ಎದುರು ಖಾತೆಯಾಗಿ (ಹಣ ಹೋದ ಅಥವಾ ಬಂದ ಇನ್ನೊಂದು ಖಾತೆ) ‘ಖರ್ಚು’ ಹಾಕಿದ್ದರೆ ಬ್ಯಾಂಕಿನಿಂದ 1,980 ಕಳೆಯಿತು. ಆಮೇಲೆ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಅದೇ ಪಾವತಿ ಒಂದೆರಡು ದಿನ ತಡವಾದ ದಿನಾಂಕದಲ್ಲಿ ಬರುತ್ತದೆ. ಅದಕ್ಕೆ ಎದುರು ಖಾತೆಯಾಗಿ ಬ್ಯಾಂಕ್ ಕೊಟ್ಟರೆ ಇನ್ನೊಂದು 1,980 ಕಳೆಯಿತು. ಗ್ನೂಕ್ಯಾಶ್ ಇದನ್ನು ಯಾಕೆ ಹಿಡಿಯಲಿಲ್ಲ ಅಂದರೆ, ಇಂಪೋರ್ಟ್ ಮಾಡುವಾಗ ಅದು ಹೊಸ ಸಾಲನ್ನು ಅದೇ ಖಾತೆಯ ಹಳೆಯ ನಮೂದುಗಳ ಜೊತೆ ಮಾತ್ರ ಹೋಲಿಸುತ್ತದೆ. ಮೊದಲನೆಯದು ಖರ್ಚಿಗೆ ಹೋಗಿದ್ದರಿಂದ ಕಾರ್ಡ್ ಖಾತೆಯಲ್ಲಿ ಹೋಲಿಸಲು ಏನೂ ಇರಲಿಲ್ಲ. ಖರ್ಚಿಗೆ ಹೋದ ನಮೂದನ್ನು ಅಳಿಸಿ, ಕಾರ್ಡ್ ಖಾತೆಗೆ ಹೋದದ್ದನ್ನು ಉಳಿಸಿಕೊಳ್ಳಿ. ಕಾರ್ಡಿನಲ್ಲಿ ಕೊಂಡ ವಸ್ತುಗಳು ಆಗಲೇ ಖರ್ಚಿನಲ್ಲಿ ಬಂದಿರುತ್ತವೆ, ಆದ್ದರಿಂದ ಬಿಲ್ ಪಾವತಿಯನ್ನೂ ಖರ್ಚು ಎಂದರೆ ಅದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನಿಮ್ಮದೇ ಎರಡು ಬ್ಯಾಂಕ್ ಖಾತೆಗಳ ನಡುವೆ ಯುಪಿಐಯಲ್ಲಿ ಕಳಿಸಿದ ಹಣಕ್ಕೂ ಇದೇ ಗತಿ ಆಗುತ್ತದೆ.

ಹುಡುಕಿದರೂ ಸಿಗಲಿಲ್ಲವೇ? ಹಾಗಾದರೆ ಒಂದೇ ತಪ್ಪಲ್ಲದೆ ಹಲವು ಸೇರಿ 1,980 ಆಗಿರಬಹುದು, ಇಲ್ಲವೇ ಬಿಟ್ಟುಹೋದ ಜಮೆಯೋ ಅಂಕಿ ಅದಲುಬದಲೋ ಇರಬಹುದು. ಆಗ ವರ್ಷವನ್ನು ಅರ್ಧ ಮಾಡಿ. ಸೆಪ್ಟೆಂಬರ್ 30ರ ಶಿಲ್ಕನ್ನು ಸ್ಟೇಟ್‌ಮೆಂಟಿನ ಜೊತೆ ಹೋಲಿಸಿ. ಸರಿ ಇದ್ದರೆ ತಪ್ಪು ಅಕ್ಟೋಬರ್‌ನಿಂದ ಈಚಿನದು, ಇಲ್ಲದಿದ್ದರೆ ಮೊದಲೇ ಆದದ್ದು. ಹೀಗೆ ಅರ್ಧಿಸುತ್ತಾ ಹೋದರೆ ಹೆಚ್ಚೆಂದರೆ ನಾಲ್ಕು ಸಲಕ್ಕೆ ಲೆಕ್ಕ ತಪ್ಪಲು ಶುರುವಾದ ತಿಂಗಳು ಸಿಗುತ್ತದೆ. ಹೋಲಿಸುವಾಗ ದಿನದ ಕೊನೆಯ ಶಿಲ್ಕನ್ನೇ ನೋಡಿ, ಒಂದೇ ದಿನದೊಳಗಿನ ಸಾಲುಗಳ ಕ್ರಮ ಬ್ಯಾಂಕಿನಲ್ಲಿ ಬೇರೆ ಇರಬಹುದು. ಏಪ್ರಿಲ್ 1ರಂದೇ ವ್ಯತ್ಯಾಸ ಇದ್ದರೆ ಆರಂಭಿಕ ಶಿಲ್ಕೇ ತಪ್ಪು.

ಅರ್ಧಿಸುವಾಗ ಉತ್ತರ ಗೊಂದಲವಾಗಿ ಬಂದರೆ ದಿನಾಂಕ ನೋಡಿ. ಇಂಪೋರ್ಟ್‌ನಲ್ಲಿ ದಿನ-ತಿಂಗಳು-ವರ್ಷದ ಬದಲು ತಿಂಗಳು-ದಿನ-ವರ್ಷ ಆರಿಸಿದ್ದರೆ 03/04 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 13ನೇ ತಾರೀಖಿನಿಂದ ಮುಂದಿನ ಸಾಲುಗಳಿಗೆ ಎರರ್ ಬರುತ್ತದೆ; ‘ಸ್ಕಿಪ್ ಎರರ್ಸ್’ ಟಿಕ್ ಮಾಡಿದ್ದರೆ ಅವು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಇನ್ನು ವ್ಯತ್ಯಾಸ ಲಕ್ಷಗಟ್ಟಲೆ ಬಂದವರು ಕಾಲಂ ಆಯ್ಕೆ ನೋಡಿಕೊಳ್ಳಲಿ: 5ನೇ ಆವೃತ್ತಿಯಲ್ಲಿ ಜಮೆಯ ಕಾಲಂಗೆ ‘ಅಮೌಂಟ್’, ಪಾವತಿಯ ಕಾಲಂಗೆ ‘ಅಮೌಂಟ್ ನೆಗೇಟೆಡ್’ ಕೊಡಬೇಕು. ಎರಡಕ್ಕೂ ಅಮೌಂಟ್ ಕೊಟ್ಟರೆ ಖರ್ಚೆಲ್ಲ ಜಮೆ ಆಗಿಬಿಡುತ್ತದೆ.

ಖಾತೆಗಳ ಪಟ್ಟಿಯಲ್ಲಿ ‘ಇಂಬ್ಯಾಲೆನ್ಸ್-ಐಎನ್ಆರ್’ ಇದ್ದರೆ ಅದನ್ನೂ ತೆರೆಯಿರಿ. ಎದುರು ಖಾತೆ ಕೊಡದೇ ಬಿಟ್ಟ ನಮೂದುಗಳೆಲ್ಲ ಅಲ್ಲಿ ಸೇರುತ್ತವೆ. ಶಿಲ್ಕು ಸೊನ್ನೆ ಇದ್ದರೂ ಒಳಗೆ ನೋಡಿ, ಒಂದು ಹೆಚ್ಚು ಒಂದು ಕಡಿಮೆ ಸೇರಿ ಸೊನ್ನೆ ಆಗಿರಬಹುದು.

ಕಡತವೇ ಕೆಟ್ಟಿದೆ ಅನ್ನಿಸಿದರೆ, ಅದೇ ಫೋಲ್ಡರ್‌ನಲ್ಲಿ ಹೆಸರಿನ ನಡುವೆ 20250412183005 ತರಹದ 14 ಅಂಕಿ ಇರುವ ಬ್ಯಾಕಪ್‌ಗಳಿರುತ್ತವೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಉಳಿಯುತ್ತವೆ. ಅದನ್ನು ತೆರೆದ ತಕ್ಷಣ ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ರೂಪದಲ್ಲಿ ಉಳಿಸಿದ್ದರೆ ಈ ಬ್ಯಾಕಪ್‌ಗಳು ಇರುವುದಿಲ್ಲ.

ಯಾರನ್ನು ಕೇಳುವುದು ಎಂಬುದು ಮುಖ್ಯವಾದ ಮಾತು. ಗ್ನೂಕ್ಯಾಶ್ ಸ್ವಯಂಸೇವಕರು ನಡೆಸುವ ಉಚಿತ ತಂತ್ರಾಂಶ, ಅದಕ್ಕೆ ಫೋನ್ ಸಹಾಯವಾಣಿ ಇಲ್ಲ. ಹುಡುಕಿದಾಗ ‘ಕಸ್ಟಮರ್ ಕೇರ್’ ಎಂದು ನಂಬರ್ ಸಿಕ್ಕರೆ ಕರೆ ಮಾಡಬೇಡಿ. ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುವುದು, ಓಟಿಪಿ ಕೇಳುವುದು, ಖಾತೆ ಖಾಲಿ ಮಾಡುವುದು ಇಂಥವರ ದಾರಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಈ ಉತ್ತರದ ಕೆಳಗೇ ಕೇಳುವುದಾದರೆ ಇಷ್ಟು ಬರೆಯಿರಿ: ಹೆಲ್ಪ್ ಮೆನುವಿನ ‘ಅಬೌಟ್’ನಲ್ಲಿ ಕಾಣುವ ಆವೃತ್ತಿ, ವಿಂಡೋಸೋ ಲಿನಕ್ಸೋ ಮ್ಯಾಕೋ, ಕಡತ ಉಳಿಸಿದ ರೂಪ ಎಕ್ಸ್‌ಎಂಎಲ್ಲೋ ಎಸ್‌ಕ್ಯುಲೈಟೋ, ಲೆಕ್ಕ ತಪ್ಪಲು ಶುರುವಾದ ತಿಂಗಳು, ಆ ತಿಂಗಳ ಸಿಎಸ್‌ವಿಯ ಮೊದಲ ನಾಲ್ಕೈದು ಸಾಲು. ಖಾತೆ ಸಂಖ್ಯೆ, ಯುಪಿಐ ಐಡಿ, ಹೆಸರುಗಳನ್ನು ಅಳಿಸಿ, ಆದರೆ ದಿನಾಂಕದ ರೂಪವನ್ನೂ ಮೊತ್ತದ ಅಲ್ಪವಿರಾಮಗಳನ್ನೂ ಇದ್ದ ಹಾಗೇ ಬಿಡಿ. ತಪ್ಪು ಹೆಚ್ಚಾಗಿ ಕಾಣುವುದು ಅಲ್ಲೇ.